ಮದುವೆಗೆ ಅಕ್ಷತೆ, ಮಸೂದೆಗೆ ಕತ್ತರಿ!

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರಿಪಬ್ಲಿಕನ್ ಸಂಸದ ಗ್ಲೆನ್ ಥಾಮ್ಸನ್ ಮಹಾಶಯರು 2022ರ ಜುಲೈ 19ರಂದು ಸದನದಲ್ಲಿ ಒಂದು ಮತ ಹಾಕಿದರು. ಸಲಿಂಗ ವಿವಾಹಕ್ಕೆ ಕಾನೂನಿನ ರಕ್ಷಣೆ ಬೇಕೆ ಎಂಬ ಮಸೂದೆ ಅದು. ಥಾಮ್ಸನ್ 'ಬೇಡ' ಅಂದರು. ಮೂರು ದಿನ ಕಳೆಯಿತು. ಒಂದು ಮದುವೆಗೆ ಹೋದರು. ಯಾರದಪ್ಪಾ ಮದುವೆ ಅಂದರೆ, ಸ್ವಂತ ಮಗನದು. ಮಗ ಕೈ ಹಿಡಿದದ್ದು ಇನ್ನೊಬ್ಬ ಗಂಡಸನ್ನು!

ಮಸೂದೆ 267ಕ್ಕೆ 157 ಮತಗಳಿಂದ ಅಂದು ಆ ಸದನದಲ್ಲಿ ಗೆದ್ದಿತು. ಅಪ್ಪನ ಮತ ಸೋತ ಕಡೆ ಇತ್ತು. ಅಪ್ಪ ಮಗನ ಮದುವೆಗೆ ಹೋದದ್ದು ತಪ್ಪೇ? ಖಂಡಿತ ಅಲ್ಲ. ಹೋಗದೇ ಇದ್ದಿದ್ದರೆ ಅದು ತಪ್ಪು. ಪ್ರಶ್ನೆ ಬೇರೆ. ಮನೆಯಲ್ಲಿ ಹರಸಿದ ಮದುವೆಯನ್ನು ಸಭೆಯಲ್ಲಿ ಬೇಡ ಅನ್ನುವವರ ಪ್ರೀತಿಯನ್ನು ಯಾವ ಖಾತೆಗೆ ಜಮಾ ಮಾಡಬೇಕು?

ಗೆಳೆಯನೂ ಬೇಕು, ಓಟೂ ಬೇಕು

ಇದು ಒಂದು ಪಕ್ಷದ ರೋಗ ಅಂತ ಯಾರೂ ತಿಳಿಯಬೇಕಾಗಿಲ್ಲ. ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್‌ಗೆ ಡೇವಿಡ್ ಮಿಕ್ಸ್‌ನರ್ ಎಂಬ ಹಳೆಯ ದೋಸ್ತ್ ಇದ್ದರು. ವಿಯೆಟ್ನಾಂ ಯುದ್ಧ ವಿರೋಧಿ ಚಳವಳಿಯ ಕಾಲದಿಂದ ಬಂದ ಸ್ನೇಹ. ಮಿಕ್ಸ್‌ನರ್ ಸಲಿಂಗಿ, ಅದನ್ನು ಮುಚ್ಚಿಟ್ಟವರಲ್ಲ. 1992ರ ಚುನಾವಣೆಯಲ್ಲಿ ಗೆಳೆಯನಿಗಾಗಿ ಸಲಿಂಗಿ ಸಮುದಾಯದ ಹಣ, ಮತ ಎರಡನ್ನೂ ಒಟ್ಟುಗೂಡಿಸಿದರು. ಗೆಳೆಯ ಗೆದ್ದ. 1993ರಲ್ಲಿ ಸೈನ್ಯದಲ್ಲಿರುವ ಸಲಿಂಗಿಗಳ ವಿಷಯದಲ್ಲಿ ಕ್ಲಿಂಟನ್ ಹಿಂದೇಟು ಹಾಕಿದಾಗ ಇದೇ ಮಿಕ್ಸ್‌ನರ್ ಶ್ವೇತಭವನದ ಎದುರು ಪ್ರತಿಭಟಿಸಿ ಪೊಲೀಸರ ಕೈಗೆ ಸಿಕ್ಕರು.

ಮುಂದಿನದು ಇನ್ನೂ ಸ್ವಾರಸ್ಯ. ಮದುವೆ ಎಂದರೆ ಗಂಡು-ಹೆಣ್ಣಿನದು ಮಾತ್ರ, ಕೇಂದ್ರ ಸರ್ಕಾರ ಬೇರೆಯದನ್ನು ಒಪ್ಪಬಾರದು ಎಂಬ ಕಾಯ್ದೆ 1996ರಲ್ಲಿ ಬಂತು. ಕೆಳಮನೆಯಲ್ಲಿ 342ಕ್ಕೆ 67, ಮೇಲ್ಮನೆಯಲ್ಲಿ 85ಕ್ಕೆ 14. ಸೆಪ್ಟೆಂಬರ್ 21ರಂದು ನಡುರಾತ್ರಿ ಕಳೆದ ಮೇಲೆ, ಸಮಾರಂಭವಿಲ್ಲ, ಕ್ಯಾಮೆರಾ ಇಲ್ಲ, ಕ್ಲಿಂಟನ್ ಸಹಿ ಹಾಕಿದರು. ನಾಚಿಕೆಯಿಂದ ಕತ್ತಲಲ್ಲಿ ಹಾಕಿದ ಸಹಿ ಅಂತ ಯಾರಾದರೂ ಮರುಕಪಟ್ಟಿದ್ದರೆ, ಮುಂದಿನ ತಿಂಗಳೇ ಅವರ ಪ್ರಚಾರದವರು ಅದೇ ಸಹಿಯನ್ನು ಕ್ರೈಸ್ತ ರೇಡಿಯೋಗಳಲ್ಲಿ ಡಂಗುರ ಹೊಡೆದರು!

ಆ ಸಹಿಯ ಬಿಲ್ಲು ಯಾರಿಗೆ ಬಂತು? ಅಂಗಡಿಯವರಿಗೆ ಈ ಲೆಕ್ಕ ಬೇಗ ಅರ್ಥವಾದೀತು. ನ್ಯೂಯಾರ್ಕಿನ ಎಡಿತ್ ವಿಂಡ್ಸರ್ ಎಂಬಾಕೆ ದಶಕಗಳ ಕಾಲ ಜತೆಗಿದ್ದ ಸಂಗಾತಿ ಥಿಯಾ ಸ್ಪೈಯರ್ ಅವರನ್ನು 2007ರಲ್ಲಿ ಕೆನಡಾದಲ್ಲಿ ಮದುವೆಯಾದರು. 2009ರಲ್ಲಿ ಥಿಯಾ ತೀರಿಕೊಂಡರು. ಗಂಡ ಸತ್ತು ಹೆಂಡತಿಗೆ ಆಸ್ತಿ ಬಂದಿದ್ದರೆ ಕೇಂದ್ರದ ತೆರಿಗೆ ಇರುತ್ತಿರಲಿಲ್ಲ. ಈಕೆಗೆ ಬಂದ ತೆರಿಗೆ 3,63,053 ಡಾಲರ್. ಕಾಯ್ದೆಯ ಕಣ್ಣಲ್ಲಿ ಅವರಿಬ್ಬರೂ ಪರಸ್ಪರ ಏನೂ ಅಲ್ಲ. ಮುದುಕಿ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು, 2013ರ ಜೂನ್ 26ರಂದು ಗೆದ್ದರು. ಕ್ಲಿಂಟನ್ ಕೂಡ ಅದೇ ವರ್ಷ, ಆ ಕಾಯ್ದೆ ಸಂವಿಧಾನಕ್ಕೆ ಹೊಂದುವುದಿಲ್ಲ ಅಂತ ಪತ್ರಿಕೆಗೆ ಬರೆದರು. ಹದಿನೇಳು ವರ್ಷದ ಮೇಲೆ! ಗೆಳೆತನ ಸುಳ್ಳಲ್ಲ. ಆದರೆ ಗೆಳೆತನದಿಂದ ತೆರಿಗೆ ಒಂದು ಡಾಲರೂ ಇಳಿಯಲಿಲ್ಲ.

ತಂಗಿಯ ಮದುವೆ, ಅಣ್ಣನ ಗೈರುಹಾಜರಿ

ರಾಜಕಾರಣಿಗಳ ಕಡೆಯಿಂದಲೂ ಒಂದು ಮಾತಿದೆ. ಅದನ್ನು ತಳ್ಳಿಹಾಕುವಂತಿಲ್ಲ. "ಸ್ನೇಹ ಸ್ವಂತದ್ದು, ಮತ ಕ್ಷೇತ್ರದ್ದು. ಬಂಧುಗಳ ಸಲುವಾಗಿ ಮತ ಹಾಕಿದರೆ ಅದು ಸ್ವಜನಪಕ್ಷಪಾತ ಆಗೋದಿಲ್ಲವೇ?" ಒಪ್ಪುವ ಮಾತೇ. ಹಾಗಿದ್ದರೆ ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಟ್ ಅವರ ಕತೆ ಕೇಳಬೇಕು.

ಅಬಟ್ ಅವರ ತಂಗಿ ಕ್ರಿಸ್ಟೀನ್ ಫಾಸ್ಟರ್ ಸಲಿಂಗಿ, ಸಿಡ್ನಿ ನಗರ ಕೌನ್ಸಿಲರ್ ಆಗಿದ್ದವರು. ಅಣ್ಣ ಸಲಿಂಗ ವಿವಾಹದ ದೊಡ್ಡ ವಿರೋಧಿ. 2017ರಲ್ಲಿ ಅಂಚೆ ಮೂಲಕ ಇಡೀ ದೇಶದ ಅಭಿಪ್ರಾಯ ಕೇಳಿದಾಗ ಶೇಕಡಾ 61.6 ಮಂದಿ 'ಆಗಲಿ' ಅಂದರು. ಅಬಟ್‌ರ ಸ್ವಂತ ಕ್ಷೇತ್ರ ವಾರಿಂಗಾದಲ್ಲಿ? ಶೇಕಡಾ 75! ಕ್ಷೇತ್ರದ ಮಾತೇ ಮುಖ್ಯವಾದರೆ ಇದಕ್ಕಿಂತ ಸ್ಪಷ್ಟ ಆದೇಶ ಇನ್ನೇನು ಬೇಕು? ಆದರೆ ಡಿಸೆಂಬರ್ 7ರಂದು ಸದನ ಅಂತಿಮ ಮತ ಹಾಕುವ ಹೊತ್ತಿಗೆ ಅಬಟ್ ಎದ್ದು ಹೊರಗೆ ನಡೆದರು. ಎರಡು ತಿಂಗಳ ನಂತರ, 2018ರ ಫೆಬ್ರವರಿಯಲ್ಲಿ, ತಂಗಿಯ ಮದುವೆಗೆ ಮಾತ್ರ ಹಾಜರಾದರು. ಯಾವ ಕಾನೂನಿನಿಂದ ಆ ಮದುವೆ ಸಾಧ್ಯವಾಯಿತೋ ಅದಕ್ಕೆ ಅಣ್ಣನ ಮತ ಇರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನೋದು ಇದಕ್ಕೇ.

ಜರ್ಮನಿಯ ಏಂಜೆಲಾ ಮರ್ಕೆಲ್‌ರ ವಿಷಯ ಸ್ವಲ್ಪ ಬೇರೆ. ಅವರ ವಿದೇಶಾಂಗ ಮಂತ್ರಿ, ಸ್ನೇಹಿತ ಗಿಡೋ ವೆಸ್ಟರ್‌ವೆಲೆ ಬಹಿರಂಗವಾಗಿ ಸಲಿಂಗಿ. ತಮ್ಮ ಕ್ಷೇತ್ರದ ಮಹಿಳಾ ಜೋಡಿಯೊಂದು ಎಂಟು ಮಕ್ಕಳನ್ನು ಸಾಕುತ್ತಿರುವ ಸಂಗತಿ ಮನಸ್ಸಿಗೆ ತಟ್ಟಿತು ಅಂತ ಮರ್ಕೆಲ್ 2017ರ ಜೂನ್‌ನಲ್ಲಿ ಹೇಳಿದರು. ಸದಸ್ಯರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದು ಬಾಗಿಲು ತೆರೆದರು. ಅದೇ ವಾರ, ಜೂನ್ 30ಕ್ಕೆ, ಕಾನೂನು 393-226ರಿಂದ ಪಾಸಾಯಿತು. ಮರ್ಕೆಲ್ ಮತ 226ರ ಪಾಲಿಗೆ. ಅವರದೇ ಬಣದ 75 ಮಂದಿ 'ಹೌದು' ಅಂದಿದ್ದರು. ವಿರೋಧವನ್ನು ಬಚ್ಚಿಡಲಿಲ್ಲ, ದಾರಿಗೂ ಅಡ್ಡ ನಿಲ್ಲಲಿಲ್ಲ; ಅಷ್ಟರ ಮಟ್ಟಿಗೆ ಮೆಚ್ಚಬೇಕು.

ಮಗ ಹೇಳಿದ ಮೇಲೆ

ಇನ್ನೊಂದು ಬಗೆಯವರೂ ಇದ್ದಾರೆ. ಅಮೆರಿಕದ ಓಹಾಯೋ ರಾಜ್ಯದ ರಾಬ್ ಪೋರ್ಟ್‌ಮನ್ 1996ರಲ್ಲಿ ಆ ಕಾಯ್ದೆಗೆ ಕೈ ಎತ್ತಿದ್ದವರು. ಮಗ ತಾನು ಸಲಿಂಗಿ ಎಂದು ಹೇಳಿಕೊಂಡ ಮೇಲೆ ಯೋಚಿಸಿ, 2013ರಲ್ಲಿ ಬಹಿರಂಗವಾಗಿ ನಿಲುವು ಬದಲಿಸಿದರು. 2022ರ ಕಾನೂನಿಗೆ ಸೆನೆಟ್‌ನಲ್ಲಿ ಶ್ರಮಿಸಿದರು. ಸಂತೋಷ. ಆದರೆ ಒಂದು ಸಂಶಯ ಉಳಿಯುತ್ತದೆ. ಸದಸ್ಯರ ಮನೆಯಲ್ಲಿ ಅಂಥ ಮಗು ಹುಟ್ಟುವ ತನಕ ಊರಿನ ಮಕ್ಕಳು ಕಾಯಬೇಕೇ? ಹಕ್ಕು ಅನ್ನೋದು ಲಾಟರಿ ಟಿಕೆಟ್ಟೇ?

ಇಲ್ಲಿ ಲೆಕ್ಕದ ಪುಸ್ತಕವೇ ಇಲ್ಲ

ಅಲ್ಲಿಯವರನ್ನು ನೋಡಿ ನಗುವ ಮೊದಲು ದಿಲ್ಲಿಯ ಕಡೆ ಒಮ್ಮೆ ನೋಡುವುದು ಒಳ್ಳೆಯದು. 2015ರ ಡಿಸೆಂಬರ್ 18ರಂದು ಶಶಿ ತರೂರ್ ದಂಡ ಸಂಹಿತೆಯ 377ನೇ ಕಲಮಿನ ತಿದ್ದುಪಡಿಗೆ ಖಾಸಗಿ ಮಸೂದೆ ತಂದರು. ಮಂಡಿಸಲಿಕ್ಕೇ ಅನುಮತಿ ಸಿಗಲಿಲ್ಲ. ವಿರೋಧ 71, ಪರ 24, ತಟಸ್ಥ 1. ಐನೂರಕ್ಕೂ ಹೆಚ್ಚು ಸದಸ್ಯರ ಸಭೆಯಲ್ಲಿ ನೂರು ಮಂದಿಯೂ ಗುಂಡಿ ಒತ್ತಲಿಲ್ಲ! 2016ರಲ್ಲಿ ಮತ್ತೆ ತಂದರೆ ಮತ್ತೆ ಸೋಲು. ಕಡೆಗೆ 2018ರ ಸೆಪ್ಟೆಂಬರ್ 6ರಂದು ಆ ಕೆಲಸ ಮಾಡಿದ್ದು ಸುಪ್ರೀಂ ಕೋರ್ಟು. ಮದುವೆಯ ಪ್ರಶ್ನೆಯನ್ನು 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಅದೇ ಕೋರ್ಟು ಶಾಸನ ಮಾಡುವವರ ಅಂಗಳಕ್ಕೆ ಬಿಟ್ಟಿತು.

ಆ ಅಂಗಳದಲ್ಲಿ ಬಹುತೇಕ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. ಯಾರು 'ಹೌದು' ಅಂದರು, ಯಾರು 'ಇಲ್ಲ' ಅಂದರು ಎಂಬ ಹೆಸರುಪಟ್ಟಿ ಇರೋದಿಲ್ಲ. ಮೇಲೆ 1985ರ ಪಕ್ಷಾಂತರ ನಿಷೇಧ ಕಾನೂನು: ವಿಪ್ ಮೀರಿದರೆ ಸೀಟಿಗೇ ಸಂಚಕಾರ. ಮನಸ್ಸಿನಲ್ಲಿ ಸ್ನೇಹ ಎಷ್ಟೇ ಇರಲಿ, ಹೊರಗೆ ತಿಳಿಯುವ ದಾರಿಯೇ ಇಲ್ಲ. ಥಾಮ್ಸನ್, ಅಬಟ್ ಸಿಕ್ಕಿಬಿದ್ದದ್ದು ಅಲ್ಲಿ ಮತದ ದಾಖಲೆ ಇದ್ದುದರಿಂದ. ಇಲ್ಲಿ ಸಿಕ್ಕಿಬೀಳುವ ಭಯವೂ ಇಲ್ಲ.

ಗಿರಾಕಿ ಎಷ್ಟೇ ನಗುನಗುತ್ತಾ ಮಾತಾಡಿದರೂ ಉದ್ರಿ ಪುಸ್ತಕದಲ್ಲಿ ನಗು ಜಮೆಯಾಗುವುದಿಲ್ಲ, ಕೊಟ್ಟ ದುಡ್ಡು ಮಾತ್ರ ಜಮೆಯಾಗುತ್ತದೆ. ಮುಂದೆ ಓಟು ಕೇಳಲು ಬಂದವರು "ನನಗೂ ಅಂಥ ಸ್ನೇಹಿತರಿದ್ದಾರೆ ಸ್ವಾಮಿ" ಅಂದರೆ, ಬಹಳ ಸಂತೋಷ ಅನ್ನಿ, ಒಂದು ಕಾಫಿಯನ್ನೂ ಕೊಡಿಸಿ. ಆಮೇಲೆ ಎರಡೇ ಮಾತು ಕೇಳಿ. ಮಸೂದೆ ಬಂದ ದಿನ ಸಭೆಯಲ್ಲಿ ಇರುತ್ತೀರಾ? ಹೆಸರು ಹಿಡಿದು ಮತ ಎಣಿಸಿ ಎಂದು ಎದ್ದು ನಿಂತು ಕೇಳುತ್ತೀರಾ?