ಹಳೆಯ ಯೆಜ್ಡಿಗೆ ಹೊಸ ವೆಚ್ಚವೇ, ಮತ್ತೊಂದು ವಾಹನವೇ?

ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ, ಹರಿಹರದ ಸಣ್ಣ ಕೈಗಾರಿಕೆಗಳ ಅಂಗಳದಲ್ಲಾಗಲಿ ಒಂದೆರಡು ಹಳೆಯ ಯೆಜ್ಡಿ ಅಥವಾ ಬುಲೆಟ್ ಮೋಟಾರ್ ಸೈಕಲ್‌ಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ತಂದೆಯ ಕಾಲದಲ್ಲಿ ಕೊಂಡವು. ವ್ಯಾಪಾರದ ಆರಂಭದ ದಿನಗಳನ್ನು ಕಂಡವು. ಅಂತಹ ವಾಹನ ಪದೇ ಪದೇ ಗ್ಯಾರೇಜು ಸೇರತೊಡಗಿದಾಗ ಮನೆಯಲ್ಲೂ ಗಲ್ಲಾಪೆಟ್ಟಿಗೆಯ ಮುಂದೆಯೂ ಏಳುವ ಪ್ರಶ್ನೆ ಒಂದೇ: ಇದಕ್ಕೇ ಹಣ ಹಾಕಿ ಹೊಸದರಂತೆ ಮಾಡಿಸುವುದೋ ಅಥವಾ ಹಳೆಯ ವಿನ್ಯಾಸದ್ದೇ ಆದ ಹೊಸ ಗಾಡಿಯನ್ನು ಕೊಳ್ಳುವುದೋ?

ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಬಂಡವಾಳ, ದುರಸ್ತಿ, ಸವಕಳಿ, ಬಡ್ಡಿ ಮತ್ತು ಮಮತೆ ಎಂಬ ಐದೂ ವಿಷಯಗಳು ಇದರಲ್ಲಿ ಬೆರೆತಿವೆ. ಮೋಟಾರ್ ಸೈಕಲ್‌ನ ವಿಷಯದಲ್ಲಿ ತಪ್ಪು ತೀರ್ಮಾನ ಮಾಡುವ ಉದ್ಯಮಿ ಲೇತಿನ ವಿಷಯದಲ್ಲೂ ಅದೇ ತಪ್ಪನ್ನು ಮಾಡುವ ಸಂಭವವಿದೆ. ಆದುದರಿಂದ ಇದನ್ನು ಸಾವಧಾನವಾಗಿ ಪರಿಶೀಲಿಸುವುದು ಯುಕ್ತ.

ಮೈಸೂರಿನ ಗಾಡಿ, ಹರಿಹರದ ರಸ್ತೆ

ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ತಾಂತ್ರಿಕ ಪರವಾನಗಿಯೊಡನೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ವಾಹನಗಳು ಯೆಜ್ಡಿ ಎಂಬ ಹೆಸರು ಪಡೆದವು; ರೋಡ್‌ಕಿಂಗ್ ಮಾದರಿ ಮನೆಮಾತಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಎಂದರೆ ಮೈಸೂರಿನಲ್ಲಿ ತಯಾರಾದ ಅತ್ಯಂತ ಕಿರಿಯ ಯೆಜ್ಡಿಗೂ ಈಗ ಮೂರು ದಶಕಗಳ ವಯಸ್ಸು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಮಾರುಕಟ್ಟೆಗೆ ಮರಳಿದವಾದರೂ ಹೊಸವು ನಾಲ್ಕು ಸ್ಟ್ರೋಕಿನ ಬೇರೆಯೇ ಯಂತ್ರಗಳು. ಹೆಸರು ಒಂದೇ ಆದ ಮಾತ್ರಕ್ಕೆ ಹಳೆಯದರ ಬಿಡಿಭಾಗ ಹೊಸದರ ಅಂಗಡಿಯಲ್ಲಿ ಸಿಗುವುದಿಲ್ಲ.

ದಾವಣಗೆರೆಯಲ್ಲಿ ಮನೆ, ಹರಿಹರದಲ್ಲಿ ಸಣ್ಣ ಘಟಕ ಹೊಂದಿರುವ ಉದ್ಯಮಿಯೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಹೋಗಿ ಬರಲು ದಿನಕ್ಕೆ ಸುಮಾರು 28 ಕಿಲೋಮೀಟರ್. ವರ್ಷಕ್ಕೆ 300 ದಿನಗಳೆಂದರೆ 8,400 ಕಿಲೋಮೀಟರ್. ವಾಹನ ತಂದೆಯವರ ಯೆಜ್ಡಿ. ಮೇಸ್ತ್ರಿಯ ಸಲಹೆ: ಬೋರ್ ಮಾಡಿಸಿ ಹೊಸ ಪಿಸ್ಟನ್, ಕ್ರ್ಯಾಂಕಿನ ಕೆಲಸ, 6 ವೋಲ್ಟಿನ ಬದಲು 12 ವೋಲ್ಟಿನ ವೈರಿಂಗ್, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಕ್ರೋಮ್, ಬಣ್ಣ, ಎಲ್ಲ ಸೇರಿ ರೂ. 60,000. ಮಗನ ಸಲಹೆ: ಅದನ್ನು ಮಾರಿ ರೂ. 2,00,000ದ ಹೊಸ ರೆಟ್ರೊ ಗಾಡಿ. ಈ ಮೊತ್ತಗಳು ಲೆಕ್ಕಕ್ಕಾಗಿ ಹಿಡಿದವು. ಓದುಗರು ತಮ್ಮ ತಮ್ಮ ಅಂಕಿಗಳನ್ನು ಇಟ್ಟುಕೊಳ್ಳಬಹುದು.

ಮೊದಲನೆಯ ಎಚ್ಚರಿಕೆ: ಕಳೆದ ವರ್ಷ ಅದೇ ಗಾಡಿಗೆ ರೂ. 25,000 ಸುರಿದಿದ್ದರೆ ಅದು ಈ ಲೆಕ್ಕಕ್ಕೆ ಬರಕೂಡದು. "ಇಷ್ಟು ಹಾಕಿದ್ದೇವೆ, ಈಗ ಬಿಡುವುದು ಹೇಗೆ" ಎಂಬ ಮಾತು ವ್ಯಾಪಾರದಲ್ಲಿ ಬಹಳ ಜನರನ್ನು ಮುಳುಗಿಸಿದೆ. ಹೋದ ಹಣ ಯಾವ ತೀರ್ಮಾನದಿಂದಲೂ ಹಿಂದಿರುಗುವುದಿಲ್ಲ. ಇನ್ನು ಮುಂದೆ ಹೋಗುವ ಹಣ ಎಷ್ಟು, ಬರುವ ಉಪಯೋಗ ಎಷ್ಟು ಎಂಬುದಷ್ಟೇ ವಿಚಾರಾರ್ಹ.

ಆರು ನೂರು ರೂಪಾಯಿಯ ವಾದ

ಪೆಟ್ರೋಲಿಗೆ ಲೀಟರಿಗೆ ರೂ. 100, ಹಣಕ್ಕೆ ಶೇ. 10 ಬಡ್ಡಿ ಎಂದು ಹಿಡಿದು ವಾರ್ಷಿಕ ಖರ್ಚನ್ನು ನೋಡಬಹುದು. ಲೆಕ್ಕ ಸರಳವಾಗಿರಲೆಂದು ವಿಮೆಯನ್ನು ಹೊರಗಿಟ್ಟಿದೆ.

ಹಳೆಯದನ್ನೇ ನವೀಕರಿಸಿದರೆ, ಲೀಟರಿಗೆ 25 ಕಿಲೋಮೀಟರಿನಂತೆ ಪೆಟ್ರೋಲ್ ರೂ. 33,600, ಬಿಡಿಭಾಗ ಮತ್ತು ಮೇಸ್ತ್ರಿ ಕೂಲಿ ರೂ. 10,000, ಗಾಡಿ ಗ್ಯಾರೇಜಿನಲ್ಲಿ ನಿಲ್ಲುವ 6 ದಿನಗಳ ನಷ್ಟ ದಿನಕ್ಕೆ ರೂ. 1,000ದಂತೆ ರೂ. 6,000, ಬಡ್ಡಿ ರೂ. 6,000, ನವೀಕರಣದ ವೆಚ್ಚವನ್ನು ಆರು ವರ್ಷಕ್ಕೆ ಹಂಚಿದರೆ ರೂ. 10,000. ಒಟ್ಟು ರೂ. 65,600.

ಹೊಸ ರೆಟ್ರೊ ಗಾಡಿ ಕೊಂಡರೆ, ಲೀಟರಿಗೆ 35 ಕಿಲೋಮೀಟರಿನಂತೆ ಪೆಟ್ರೋಲ್ ರೂ. 24,000, ಸರ್ವೀಸ್ ರೂ. 6,000, ಬಡ್ಡಿ ರೂ. 20,000, ಬೆಲೆಯ ಇಳಿಕೆ ವರ್ಷಕ್ಕೆ ಸರಾಸರಿ ರೂ. 20,000. ಒಟ್ಟು ರೂ. 70,000. ಹಳೆಯದನ್ನು ಮಾರಿ ರೂ. 50,000 ಬಂದರೆ ಬಡ್ಡಿಯಲ್ಲಿ ರೂ. 5,000 ಉಳಿದು ರೂ. 65,000ಕ್ಕೆ ನಿಲ್ಲುತ್ತದೆ.

ಎಂದರೆ ತಂದೆ ಮಕ್ಕಳ ನಡುವೆ ತಿಂಗಳುಗಟ್ಟಲೆ ನಡೆಯುವ ವಾದದ ಬೆಲೆ ವರ್ಷಕ್ಕೆ ರೂ. 600. ಉತ್ತರ ಇಷ್ಟು ಹತ್ತಿರ ಬಂದಾಗ ಅನುಭವಸ್ಥ ವರ್ತಕ ಪ್ರಶ್ನೆಯನ್ನೇ ಸಂಶಯಿಸಬೇಕು.

ಮೂರನೆಯ ದಾರಿಯೊಂದಿದೆ. ಯೆಜ್ಡಿಗೆ ಬ್ರೇಕ್, ಟೈರ್, ವೈರಿಂಗ್‌ಗಳ ಅಗತ್ಯ ದುರಸ್ತಿಯನ್ನು ರೂ. 15,000ದಲ್ಲಿ ಮಾಡಿಸಿ ಭಾನುವಾರದ ಗಾಡಿಯಾಗಿ ಉಳಿಸಿಕೊಳ್ಳುವುದು. ದಿನನಿತ್ಯದ ಓಡಾಟಕ್ಕೆ ರೂ. 80,000ದ ಸಾಮಾನ್ಯ 100 ಸಿಸಿ ಗಾಡಿ ಕೊಳ್ಳುವುದು. ಇದಕ್ಕೆ ಲೀಟರಿಗೆ 60 ಕಿಲೋಮೀಟರಿನಂತೆ ಪೆಟ್ರೋಲ್ ರೂ. 14,000, ಸರ್ವೀಸ್ ರೂ. 4,000, ಬಡ್ಡಿ ರೂ. 8,000, ಬೆಲೆಯ ಇಳಿಕೆ ರೂ. 10,000, ಒಟ್ಟು ರೂ. 36,000. ಯೆಜ್ಡಿಯ ಪೋಷಣೆಗೆ ವರ್ಷಕ್ಕೆ ರೂ. 5,000, ದುರಸ್ತಿ ವೆಚ್ಚದ ಬಡ್ಡಿ ಮತ್ತು ವಾರ್ಷಿಕ ಹಂಚಿಕೆ ರೂ. 4,000. ಎಲ್ಲವೂ ಸೇರಿ ರೂ. 45,000. ಎರಡು ಗಾಡಿಗಳ ವಿಮೆಯನ್ನು ಸೇರಿಸಿದರೂ ಈ ಅಂತರ ಮುಚ್ಚುವುದಿಲ್ಲ. ಮನೆಯಲ್ಲಿ ಎರಡು ಗಾಡಿ, ಖರ್ಚು ಮಾತ್ರ ಒಂದಕ್ಕಿಂತ ಕಡಿಮೆ!

ಇದಕ್ಕೊಂದು ಅಪವಾದವನ್ನು ಒಪ್ಪಿಕೊಳ್ಳಬೇಕು. 125 ಸಿಸಿಗಿಂತ ಮೇಲ್ಪಟ್ಟ ಹೊಸ ದ್ವಿಚಕ್ರ ವಾಹನಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕ್ ವ್ಯವಸ್ಥೆ ಕಡ್ಡಾಯವಾಗಿದೆ. ರಾತ್ರಿಯ ವೇಳೆ ಲಾರಿಗಳ ನಡುವೆ ಹೆದ್ದಾರಿಯಲ್ಲಿ ನಿತ್ಯ ಬರುವವರಿಗೆ ಆ ಸುರಕ್ಷತೆಗಾಗಿ ಇನ್ನಷ್ಟು ಹಣ ಕೊಡುವುದು ದುಂದುವೆಚ್ಚವಲ್ಲ. ದುಡಿಯುವ ಯಜಮಾನನ ಕಾಲು ಮುರಿದರೆ ಆಗುವ ನಷ್ಟ ಯಾವ ಖಾತೆಯಲ್ಲೂ ಬರೆಯಲಾಗದು.

ಕಾನೂನಿನ ಮಿತಿ

ನವೀಕರಣದ ಉತ್ಸಾಹಕ್ಕೆ ಕಾನೂನಿನ ಕಡಿವಾಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಿದೆ. ಸವೆದ ಭಾಗವನ್ನು ಅದೇ ಬಗೆಯ ಭಾಗದಿಂದ ಬದಲಿಸುವುದು ಬೇರೆ. ಎಂಜಿನ್, ಚಾಸಿಗಳ ಸ್ವರೂಪವನ್ನೇ ಬದಲಿಸುವುದು ಬೇರೆ. ಹಾಗೆ ಬದಲಿಸಿದ ಗಾಡಿ ಅಪಘಾತಕ್ಕೀಡಾದರೆ ವಿಮಾ ಕಂಪನಿ ತಕರಾರು ಎತ್ತಲು ಅವಕಾಶ ಕೊಟ್ಟಂತಾಗುತ್ತದೆ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಬಳಿಕ ಐದೈದು ವರ್ಷಕ್ಕೆ ನವೀಕರಣಗೊಳ್ಳಬೇಕು. 20 ವರ್ಷ ಮೀರಿದ ಮೋಟಾರ್ ಸೈಕಲ್‌ಗಳ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ ರೂ. 2,000ಕ್ಕೆ ಏರಿಸಲಾಯಿತು. ಕಾಗದಪತ್ರ ಸರಿಯಿಲ್ಲದ ಗಾಡಿಗೆ ರೂ. 60,000 ಹಾಕುವುದು ಪರರ ಹೊಲಕ್ಕೆ ಗೊಬ್ಬರ ಹಾಕಿದಂತೆ. 50 ವರ್ಷ ಮೀರಿ ಮೂಲ ಸ್ವರೂಪದಲ್ಲೇ ಇರುವ ವಾಹನಗಳನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಲು 2021ರ ನಿಯಮಗಳು ಅವಕಾಶ ನೀಡಿವೆ. ಆದರೆ ಅಂತಹ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ. ಮೂಲ ಸ್ವರೂಪಕ್ಕೇ ಬೆಲೆ ಎಂಬುದನ್ನು ಈ ನಿಯಮವೂ ಸೂಚಿಸುತ್ತದೆ. ಅತಿಯಾಗಿ ಬದಲಿಸಿದವರು ಅದನ್ನು ತಾವೇ ಕಳೆದುಕೊಳ್ಳುತ್ತಾರೆ.

ಇಂಧನದ ವಿಷಯವನ್ನೂ ಮರೆಯುವಂತಿಲ್ಲ. 2025ರಲ್ಲಿ ದೇಶವು ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು ಮುಟ್ಟಿತು. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಿಸಬೇಕಾಗಬಹುದೆಂದು ಸರ್ಕಾರವೇ ತಿಳಿಸಿದೆ. ಕ್ರೋಮ್‌ಗೆ ಹಣ ಹಾಕುವ ಮೊದಲು ಪೆಟ್ರೋಲ್ ಪೈಪಿಗೆ ಹಾಕುವುದು ಜಾಣತನ.

ತೆರಿಗೆಯ ಆಸೆ

"ಅಂಗಡಿಯ ಹೆಸರಿನಲ್ಲಿ ಕೊಂಡರೆ ತೆರಿಗೆ ಉಳಿಯುತ್ತದೆ" ಎಂಬ ಮಾತು ಪೇಟೆಯಲ್ಲಿ ಸಾಮಾನ್ಯ. ಅದರ ಸತ್ಯಾಂಶ ಇಷ್ಟು. ವ್ಯಾಪಾರಕ್ಕೆ ಬಳಸುವ ಮೋಟಾರ್ ಸೈಕಲ್‌ಗೆ ಸವಕಳಿ ಶೇ. 15. ರೂ. 2,00,000ದ ಮೇಲೆ ಮೊದಲ ವರ್ಷ ರೂ. 30,000, ಶೇ. 30ರ ದರದಲ್ಲಿ ತೆರಿಗೆ ಕಟ್ಟುವವರಿಗೆ ಸೆಸ್ ಬಿಟ್ಟು ಉಳಿಯುವುದು ರೂ. 9,000. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಸ್ವಂತ ಬಳಕೆಯ ಪಾಲಿಗೆ ಅದೂ ಇಲ್ಲ. ರೂ. 9,000 ಉಳಿಸಲು ರೂ. 2,00,000 ಖರ್ಚು ಮಾಡುವುದು ಉಳಿತಾಯವೆನಿಸದು. ಇನ್ನು ಅಂದಾಜು ಲಾಭದ ಯೋಜನೆಯಡಿ ವಹಿವಾಟಿನ ಶೇ. 8 ಅಥವಾ ಶೇ. 6ನ್ನು ಲಾಭವೆಂದು ಘೋಷಿಸುವ ಸಣ್ಣ ವರ್ತಕರಿಗೆ ಸವಕಳಿ ಆಗಲೇ ಕಳೆದಿದೆಯೆಂದು ಭಾವಿಸಲಾಗುವುದರಿಂದ ಪ್ರತ್ಯೇಕ ಲಾಭ ಏನೂ ಇಲ್ಲ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಮೋಟಾರ್ ಸೈಕಲ್‌ಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ಮೇಲ್ಪಟ್ಟವಕ್ಕೆ ಶೇ. 40 ಆಯಿತು. ಖರೀದಿಗೆ ಇದು ಅನುಕೂಲವೇ. ಆದರೆ ಸ್ವಂತ ಓಡಾಟದ ಮೋಟಾರ್ ಸೈಕಲ್‌ಗೆ ಕಟ್ಟಿದ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯುವಂತಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ಲೇತಿಗೂ ಅದೇ ಪಾಠ

1941ರಲ್ಲಿ ಹರಿಹರದಲ್ಲಿ ನೆಲೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಊರಿಗೆ ಯಂತ್ರವಿದ್ಯೆಯನ್ನು ಕಲಿಸಿತು. ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಅದರ ಲೇತುಗಳು ಸಣ್ಣ ವರ್ಕ್‌ಶಾಪ್‌ಗಳಲ್ಲಿ ಬದುಕಿವೆ. ಅವುಗಳ ಮುಂದೆಯೂ ಇದೇ ಪ್ರಶ್ನೆ: ನವೀಕರಣವೋ, ಹೊಸ ಸಿಎನ್‌ಸಿ ಯಂತ್ರವೋ? ಬೆಡ್ ಸವೆಯದ ಲೇತ್ ಬಿಡಿ ಕೆಲಸಕ್ಕೂ ದುರಸ್ತಿ ಕೆಲಸಕ್ಕೂ ಇಂದಿಗೂ ಯೋಗ್ಯ. ಸಾವಿರಾರು ಒಂದೇ ಅಳತೆಯ ಭಾಗಗಳನ್ನು ಅದರಿಂದ ತೆಗೆಯಲು ಹೊರಟರೆ ಲೇತಿಗೂ ಕಷ್ಟ, ಮಾಲೀಕನಿಗೂ ನಷ್ಟ. ಹೊಸ ಯಂತ್ರಕ್ಕೆ ಕಟ್ಟಿದ ಜಿಎಸ್‌ಟಿ ಮಾತ್ರ, ತಯಾರಾದ ಸರಕು ತೆರಿಗೆಗೆ ಒಳಪಟ್ಟದ್ದಾದರೆ, ಹಿಂದಿರುಗಿ ಸಿಗುತ್ತದೆ.

ಲೆಕ್ಕ ಬರೆಯುವಾಗಲೂ ವಿವೇಚನೆ ಬೇಕು. ಹತ್ತಿ ಗಿರಣಿಗಳ ಊರೆನಿಸಿದ್ದ ದಾವಣಗೆರೆಯವರಿಗೆ ಅರ್ಥವಾಗುವ ನಿದರ್ಶನವೊಂದಿದೆ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಿರಣಿಯ ರಿಂಗ್ ಫ್ರೇಮ್ ಒಂದು ಸ್ವತಂತ್ರ ಯಂತ್ರವೆಂದೂ, ಅದನ್ನು ಬದಲಿಸಿದ್ದು ಚಾಲ್ತಿ ದುರಸ್ತಿಯಲ್ಲವೆಂದೂ ತೀರ್ಪಿತ್ತಿತು. ಇರುವ ಆಸ್ತಿಯನ್ನು ಕಾಪಾಡುವುದು ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವುದು ಬಂಡವಾಳ ವೆಚ್ಚ. ನವೀಕರಣದ ಬಿಲ್ಲನ್ನು ದುರಸ್ತಿ ಖಾತೆಗೆ ಸೇರಿಸಿದ ಮಾತ್ರಕ್ಕೆ ಅದು ದುರಸ್ತಿಯಾಗುವುದಿಲ್ಲ.

ಎರಡು ಜೇಬು

ಮಮತೆ ತಪ್ಪಲ್ಲ. ತಂದೆ ಸವಾರಿ ಮಾಡಿದ ಗಾಡಿಯನ್ನು ಉಳಿಸಿಕೊಳ್ಳುವುದು ಗೌರವದ ಕೆಲಸ. ಅದರ ಕಿಕ್ ಹೊಡೆಯುವಾಗ ಆಗುವ ಸಂತೋಷಕ್ಕೆ ಲೆಕ್ಕವಿಲ್ಲ. ಆದರೆ ಆ ಸಂತೋಷದ ಖರ್ಚು ಮನೆಯ ಜೇಬಿನಿಂದ ಹೋಗಬೇಕೇ ಹೊರತು ವ್ಯಾಪಾರದ ದುಡಿಯುವ ಬಂಡವಾಳದಿಂದಲ್ಲ. ಸರಕಿನ ಬಾಕಿ ತೀರಿಸಬೇಕಾದ ಹಣ ಕ್ರೋಮ್ ಆಗಿ ಹೊಳೆಯತೊಡಗಿದರೆ ಮೂಗಿಗಿಂತ ಮೂಗುತಿ ಭಾರವಾದಂತೆ.

ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕು, ದುಡಿಮೆಗೆ ದುಡಿಯುವ ಗಾಡಿಯನ್ನೇ ಕೊಳ್ಳಬೇಕು. ಒಂದೇ ವಾಹನಕ್ಕೆ ಅವಕಾಶವಿದ್ದಲ್ಲಿ ದುಡಿಯುವುದಕ್ಕೇ ಆದ್ಯತೆ. ಮೂವತ್ತು ವರ್ಷ ದುಡಿದ ಯಂತ್ರದ ಮೇಲೆ ಹೊಸದರ ಭಾರವನ್ನು ಹೇರದೆ, ಅದಕ್ಕೆ ವಿಶ್ರಾಂತಿಯ ಕೆಲಸ ಕೊಡುವುದೇ ಲೆಕ್ಕಕ್ಕೂ ಒಪ್ಪುವ, ಮನಸ್ಸಿಗೂ ಒಪ್ಪುವ ತೀರ್ಮಾನ.