ಲ್ಯಾಪ್‌ಟಾಪ್ ನಮ್ಮದಾದರೆ ಅದರೊಳಗಿನದಕ್ಕೆ ಉತ್ತರ ಹೇಳಬೇಕಾದವರೂ ನಾವೇ

2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೋ ವಹಿವಾಟು ಕಂಪೆನಿಯಿಂದ ಸುಮಾರು 379 ಕೋಟಿ ರೂಪಾಯಿ ಕಳವಾಯಿತು. ಬೆಂಗಳೂರು ಪೊಲೀಸರು ಬಂಧಿಸಿದ್ದು ಯಾವುದೋ ದೇಶದ ಹ್ಯಾಕರ್‌ನನ್ನಲ್ಲ, ಕಂಪೆನಿಯಲ್ಲೇ ಕೆಲಸಕ್ಕಿದ್ದ ಒಬ್ಬ ಯುವಕನನ್ನು. ಪೊಲೀಸರ ಪ್ರಕಾರ ಆತ ಆಫೀಸು ಕೊಟ್ಟ ಲ್ಯಾಪ್‌ಟಾಪಿನಲ್ಲೇ ಹೊರಗಿನವರಿಗೆ ಪಾರ್ಟ್ ಟೈಮ್ ಕೆಲಸ ಮಾಡಿಕೊಡುತ್ತಿದ್ದ. ಆ ಕೆಲಸದ ನೆಪದಲ್ಲಿ ಬಂದ ಮಾಲ್‌ವೇರ್ ಒಳಗೆ ಕೂತು ಅವನ ಲಾಗಿನ್ ಕದ್ದಿತು. ಕಳವಿನ ವಿಷಯ ತನಗೆ ಗೊತ್ತೇ ಇಲ್ಲ ಎಂದು ಆತ ಹೇಳಿದ್ದಾಗಿ ವರದಿಯಾಯಿತು. ಅದು ನಿಜವೋ ಸುಳ್ಳೋ ಕೋರ್ಟು ತೀರ್ಮಾನಿಸಲಿ. ಆದರೆ ಲಾಗಿನ್ ಯಾರದೋ, ಮೊದಲ ಪ್ರಶ್ನೆ ಅವನಿಗೇ ಬಂತು.

ಕೋಟಿಗಟ್ಟಲೆ ಹಣದ ಸುದ್ದಿ, ನಮಗೇನು ಸಂಬಂಧ ಅಂತ ಅನ್ನಿಸಬಹುದು. ಸಂಬಂಧ ಇದೆ. ಟೆಲಿಗ್ರಾಂ, ವಾಟ್ಸ್ಆಪ್‌ನಲ್ಲಿ "ಮನೆಯಲ್ಲೇ ಕೂತು ದುಡಿಯಿರಿ" ಎಂಬ ಮೆಸೇಜು ಬಾರದ ಯುವಕ ನಮ್ಮಲ್ಲಿ ಯಾರಿದ್ದಾರೆ? ನಮ್ಮ ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಮಗಳ ಕಾಲೇಜು ಪ್ರಾಜೆಕ್ಟು, ತಮ್ಮನ ಗೇಮು, ಅಂಗಡಿಯ ಜಿಎಸ್‌ಟಿ, ಜಮಾಅತಿನ ಲೆಕ್ಕ, ಉಮ್ರಾಕ್ಕೆ ಹೊರಟವರ ಪಾಸ್‌ಪೋರ್ಟ್ ಪ್ರತಿ, ಎಲ್ಲವೂ ಅದರಲ್ಲೇ. ನಾನು ವ್ಯಾಪಾರ ಮಾಡುವ ತೆಲಂಗಾಣದ ಐಜ, ಗದ್ವಾಲದಂಥ ಗಡಿ ಊರುಗಳಲ್ಲಿ ಇದು ಇನ್ನೂ ಹೆಚ್ಚು. ರಾಯಚೂರಿನಿಂದ ಸರಕು ತರಿಸಿದರೆ ರಾಜ್ಯ ದಾಟುವ ಬಿಲ್ಲು, ಇ-ವೇ ಬಿಲ್ಲು. ಜಿಎಸ್‌ಟಿ ಲಾಗಿನ್ ಕಳ್ಳನ ಕೈಗೆ ಹೋದರೆ ನಮ್ಮ ಹೆಸರಲ್ಲಿ ಸುಳ್ಳು ಬಿಲ್ಲು ಹುಟ್ಟಬಹುದು. ಆಗ ನೋಟಿಸ್ ಬರುವುದು ಕಳ್ಳನಿಗಲ್ಲ.

ಹಣ ಹೋದರೆ ಮತ್ತೆ ದುಡಿಯಬಹುದು. ಹೆಸರು ಹೋದರೆ? ಈ ಪ್ರಶ್ನೆಗೆ ಭೀಮಾ ಕೋರೆಗಾಂವ್ ಪ್ರಕರಣ ನೋಡಬೇಕು. 2018ರ ಏಪ್ರಿಲ್‌ನಲ್ಲಿ ದಿಲ್ಲಿಯ ರೋನಾ ವಿಲ್ಸನ್ ಅವರ ಮನೆಯಿಂದ ಪೊಲೀಸರು ಲ್ಯಾಪ್‌ಟಾಪ್ ವಶಪಡಿಸಿಕೊಂಡರು. ಅದರಲ್ಲಿ ಸಿಕ್ಕಿದ ಪತ್ರಗಳೇ ದೊಡ್ಡ ಸಾಕ್ಷ್ಯವಾದವು. 2021ರ ಫೆಬ್ರವರಿಯಲ್ಲಿ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಎಂಬ ಡಿಜಿಟಲ್ ಪರೀಕ್ಷಾ ಸಂಸ್ಥೆ ಬೇರೆಯೇ ಕಥೆ ಹೇಳಿತು. 2016ರ ಜೂನ್ 13ರಂದು ತೆಲುಗು ಕವಿ ವರವರ ರಾವ್ ಅವರ ಇಮೇಲ್ ಖಾತೆಯಿಂದ ವಿಲ್ಸನ್‌ಗೆ ಒಂದು ಫೈಲ್ ಬಂತು. ತೆರೆದದ್ದೇ ತಡ, ನೆಟ್‌ವೈರ್ ಎಂಬ ಮಾಲ್‌ವೇರ್ ಒಳಗೆ ಬಂತು. ಸುಮಾರು 22 ತಿಂಗಳು ಯಾರೋ ದೂರದಿಂದ ಆ ಲ್ಯಾಪ್‌ಟಾಪನ್ನು ನಿಯಂತ್ರಿಸಿದರು, ಗುಪ್ತ ಫೋಲ್ಡರ್ ಮಾಡಿ ಪತ್ರಗಳನ್ನು ತಂದಿಟ್ಟರು ಎಂದು ಆ ವರದಿ ಹೇಳಿತು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಫಾದರ್ ಸ್ಟ್ಯಾನ್ ಸ್ವಾಮಿಯವರ ಕಂಪ್ಯೂಟರಿಗೂ ಹೀಗೇ ಆಗಿತ್ತು ಎಂದು 2022ರ ಡಿಸೆಂಬರಿನಲ್ಲಿ ಅದೇ ಸಂಸ್ಥೆ ಹೇಳಿತು. ಅಷ್ಟರಲ್ಲಿ ಅವರು ತೀರಿಹೋಗಿ ವರ್ಷದ ಮೇಲಾಗಿತ್ತು. ಎನ್‌ಐಎ ಈ ವರದಿಗಳನ್ನು ಒಪ್ಪಿಲ್ಲ. ವಿಲ್ಸನ್‌ಗೆ ಬಾಂಬೆ ಹೈಕೋರ್ಟ್ ಜಾಮೀನು ಕೊಟ್ಟದ್ದು 2025ರ ಜನವರಿಯಲ್ಲಿ, ಆರೂವರೆ ವರ್ಷ ಜೈಲಿನ ನಂತರ.

ಪೊಲೀಸ್ ಠಾಣೆ, ಕೋರ್ಟು ಎಂದರೆ ನಮ್ಮ ಸಮುದಾಯಕ್ಕೆ ಇರುವ ಭಯ ಗೊತ್ತೇ ಇದೆ. ಹೆದರಿ ಕೂರುವುದು ಪರಿಹಾರ ಅಲ್ಲ, ಕಾನೂನು ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವೀಡಿಯೊ ಮಾಡಬೇಕು. ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ವ್ಯಾಲ್ಯೂ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಒಂದಕ್ಷರ ಬದಲಾದರೂ ಅದು ಬೇರೆಯಾಗುತ್ತದೆ. ಯಾವತ್ತಾದರೂ ಸಾಧನ ಜಪ್ತಿಯಾದರೆ ಮಹಜರಿನ ಪ್ರತಿ ಕೇಳಿ, ಹ್ಯಾಶ್ ವ್ಯಾಲ್ಯೂ ಬರೆದಿದ್ದಾರಾ ಎಂದು ವಕೀಲರ ಮೂಲಕ ವಿಚಾರಿಸಿ. ಆದರೆ ಒಂದು ಮಾತು ನೆನಪಿರಲಿ. ಹ್ಯಾಶ್ ಕಾಪಾಡುವುದು ಜಪ್ತಿಯ ನಂತರದ ತಿದ್ದುಪಡಿಯಿಂದ ಮಾತ್ರ. ಅದಕ್ಕೂ ಮೊದಲು ಯಾರಾದರೂ ಒಳಗೆ ತಂದಿಟ್ಟದ್ದಕ್ಕೆ ಅದು ಏನೂ ಮಾಡದು. ಆ ಕಾವಲು ನಮ್ಮದೇ.

ಕಾವಲು ಎಲ್ಲಿಂದ ಶುರು? ಮೊದಲು ಅಪ್‌ಡೇಟ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲ್ಯಾಪ್‌ಟಾಪ್ ನಡೆಯುತ್ತದೆ, ಆದರೆ ಹೊಸದಾಗಿ ಸಿಕ್ಕ ಬಿರುಕು ಮುಚ್ಚುವವರಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನೋಡಿ, ವಿಂಡೋಸ್ 11 ಹಿಡಿಸಿದರೆ ಹಾಕಿಸಿ. ಹಿಡಿಸದ ಹಳೇ ಲ್ಯಾಪ್‌ಟಾಪಾದರೆ ಭದ್ರತಾ ಅಪ್‌ಡೇಟ್ ಮುಂದುವರಿಸುವ ಇಎಸ್‌ಯು ಯೋಜನೆಗೆ ಸೇರಬಹುದು, ಇಲ್ಲವೇ ಉಚಿತ ಲಿನಕ್ಸ್ ಹಾಕಿಸಿ.

ಎರಡನೆಯದು, ಕ್ರ್ಯಾಕ್ ಸಾಫ್ಟ್‌ವೇರ್. ಪುಕ್ಕಟೆ ಟ್ಯಾಲಿ, ಪುಕ್ಕಟೆ ಫೋಟೋಶಾಪ್ ಹಾಕುವಾಗ "ಆಂಟಿವೈರಸ್ ಆಫ್ ಮಾಡಿ" ಎಂದು ಹೇಳುತ್ತಾರಲ್ಲ, ಆ ಮಾತಿನಲ್ಲೇ ಅನುಮಾನ ಬರಬೇಕು. ಹೀಗೆ ಬರುವ ಮಾಲ್‌ವೇರ್ ಎಷ್ಟೋ ಸಲ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ, ಲಾಗಿನ್ ಆಗಿರುವ ಗುರುತನ್ನೂ ಎತ್ತಿಕೊಂಡು ಹೋಗುತ್ತದೆ. ಆಗ ಒಟಿಪಿ ಇಲ್ಲದೆಯೂ ಕಳ್ಳ ನಿಮ್ಮ ಖಾತೆಯೊಳಗೆ ಬರಬಹುದು. ಮನೆ ಬಳಕೆಗೆ ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು, ಅದನ್ನು ಆಫ್ ಮಾಡದಿದ್ದರೆ. ಇನ್ನು ಹಲಾಲ್ ದುಡಿಮೆಯ ಲೆಕ್ಕವನ್ನು ಕದ್ದ ಸಾಫ್ಟ್‌ವೇರಿನಲ್ಲಿ ಬರೆಯುವುದು ಸರಿಯಾ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಮೂರನೆಯದು, ಖಾತೆ ಬೇರೆ ಮಾಡುವುದು. ಅಡ್ಮಿನ್ ಖಾತೆ ಮನೆಯ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ಮಕ್ಕಳಿಗೆ, ದಿನನಿತ್ಯದ ಕೆಲಸಕ್ಕೆ ಸಾಧಾರಣ ಖಾತೆ. ಆಗ ಗೊತ್ತಿಲ್ಲದೆ ಒತ್ತಿದ ಪ್ರೋಗ್ರಾಂ ಇಡೀ ಲ್ಯಾಪ್‌ಟಾಪಿನ ಯಜಮಾನ ಆಗುವುದು ಕಷ್ಟ. ಜೊತೆಗೆ ಫೈಲಿನ ಪೂರ್ತಿ ಹೆಸರು ಕಾಣುವಂತೆ ಸೆಟ್ ಮಾಡಿಕೊಳ್ಳಿ. "ಬಿಲ್ ಪಿಡಿಎಫ್" ಎಂದು ಕಂಡದ್ದರ ಕೊನೆಗೆ ಇಎಕ್ಸ್ಇ ಅಂತ ಇದ್ದರೆ ಅದು ಬಿಲ್ಲೇ ಅಲ್ಲ. ಪರಿಚಯದವರ ಹೆಸರಲ್ಲಿ ಬಂದರೂ ಫೋನ್ ಮಾಡಿ ಕೇಳಿ. ವಿಲ್ಸನ್ ಅವರಿಗೂ ಫೈಲ್ ಬಂದದ್ದು ಪರಿಚಯದವರ ಖಾತೆಯಿಂದಲೇ.

ನಾಲ್ಕನೆಯದು, ಕೈಯಿಂದ ಆಗುವ ಕಿತಾಪತಿ. ರಿಪೇರಿಗೆ ಕೊಡುವ ಮೊದಲು ಫೈಲುಗಳ ಪ್ರತಿ ತೆಗೆದಿಟ್ಟು, ಲಾಗಿನ್‌ಗಳಿಂದ ಹೊರಬನ್ನಿ. ಸಾಧ್ಯವಾದರೆ ಎದುರಿಗೇ ಕೂತು ಮಾಡಿಸಿ. ಡಿಸ್ಕ್ ಎನ್‌ಕ್ರಿಪ್ಶನ್ ಆನ್ ಇದ್ದರೆ ಕದ್ದವನು ಡಿಸ್ಕ್ ಬಿಚ್ಚಿದರೂ ಓದಲಾರ. ಅದರ ರಿಕವರಿ ಕೀಯನ್ನು ಮಾತ್ರ ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ. ಯಾರೋ ಫೋನ್ ಮಾಡಿ ಎನಿಡೆಸ್ಕ್ ಹಾಕಿ ಎಂದರೆ ಫೋನ್ ಇಟ್ಟುಬಿಡಿ. ವಾರಕ್ಕೊಮ್ಮೆ ಹೊರಗಿನ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಮಾಡಿ, ಆಮೇಲೆ ಕೇಬಲ್ ತೆಗೆದಿಡಿ.

ಇಷ್ಟೆಲ್ಲ ಮಾಡಿಯೂ ಅನುಮಾನ ಬಂದರೆ ಮೊದಲು ಇಂಟರ್‌ನೆಟ್ ಕಡಿಯಿರಿ. ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಹಣ ಹೋಗಿದ್ದರೆ ತಕ್ಷಣ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ. ಐಜದಲ್ಲಿದ್ದರೂ ಉಳ್ಳಾಲದಲ್ಲಿದ್ದರೂ ನಂಬರು ಅದೇ. "ನಮ್ಮ ವ್ಯಾಪ್ತಿ ಅಲ್ಲ" ಎಂದು ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಅಪರಾಧ ಎಲ್ಲೇ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಬೇಕೆಂದು ಬಿಎನ್‌ಎಸ್‌ಎಸ್ 173ನೇ ಸೆಕ್ಷನ್ ಹೇಳುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ನಾಳೆ ಅದೇ ನಮ್ಮ ವಿರುದ್ಧ ನಿಲ್ಲುತ್ತದೆ. ಇವತ್ತು ಕೊಟ್ಟ ದೂರು ನಮ್ಮ ಪರ ದಾಖಲೆ ಆಗುತ್ತದೆ.

ನಮ್ಮ ಲ್ಯಾಪ್‌ಟಾಪಿನಲ್ಲಿ ಇನ್ನೊಬ್ಬರ ಆಧಾರ್, ಪಾಸ್‌ಪೋರ್ಟ್, ಮಸೀದಿಯ ಲೆಕ್ಕ ಇದ್ದರೆ ಅದು ಅಮಾನತ್. ಅಮಾನತನ್ನು ತೆರೆದ ಬಾಗಿಲಲ್ಲಿ ಇಡುವವರು ನಮ್ಮಲ್ಲಿಲ್ಲ. ಕಂಪ್ಯೂಟರ್ ಗೊತ್ತಿರುವ ಯುವಕರು ಈ ಶುಕ್ರವಾರ ಜುಮಾ ಮುಗಿಸಿ ಬಂದು ತಮ್ಮ ಮನೆಯ ಲ್ಯಾಪ್‌ಟಾಪ್ ಒಮ್ಮೆ ಪರೀಕ್ಷಿಸಲಿ, ಆಮೇಲೆ ಜಮಾಅತಿನ ಕಂಪ್ಯೂಟರನ್ನೂ ನೋಡಲಿ. ಒಂದು ಗಂಟೆಯ ಕೆಲಸ, ಖರ್ಚಿಲ್ಲ.