ಅಣಬೆಯ ಅಭಯ

ಪಂಪ ರನ್ನರನ್ನು ಪಾಠ ಹೇಳಬೇಕಾದ ಮಾಸ್ತರನೊಬ್ಬನು ಅಣಬೆಯ ಮೇಲೆ ಬರೆಯಹೊರಟರೆ, ಬರೆಹವು ದಾರಿ ತಪ್ಪಿ ಅಡಿಗೆಯ ಪುಟದಿಂದ ಇಲ್ಲಿಗೆ ಬಂದಿತೆಂದು ವಾಚಕರು ಭಾವಿಸುವುದು ಸಹಜ. ಆದರೆ ನಾನು ಹೇಳಹೊರಟಿರುವ ಅಣಬೆ ಸಾರಿಗೂ ಬಾರದು, ಪಲ್ಯಕ್ಕೂ ಬಾರದು. ಮಳೆ ಬಿದ್ದ ಮರುದಿನ ನಮ್ಮ ಎರೆಹೊಲದ ಬದುವಿನಲ್ಲಿ ತಲೆಯೆತ್ತುವ ನಾಯಿಕೊಡೆಯೂ ಅದಲ್ಲ. ಅದು ಹುಟ್ಟಿದ್ದು ಜಪಾನಿನಲ್ಲಿ, 1985ರಲ್ಲಿ. ಬೆಳೆದದ್ದು ಗಾಜಿನ ಪರದೆಯ ಮೇಲೆ. ನನಗೆ ದರ್ಶನವಿತ್ತದ್ದು ಆಳಂದದಲ್ಲಿ, ನನ್ನ ಹತ್ತನೆಯ ವಯಸ್ಸಿನಲ್ಲಿ.

ಆಳಂದವು ಗಡಿನಾಡಿನ ಊರು. ಅಲ್ಲಿಯ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಸುಮಾರು 1999ರ ಬೇಸಿಗೆಯಲ್ಲಿ ನಮ್ಮ ಓಣಿಯ ಕಿರಾಣಿ ಅಂಗಡಿಯ ಕಾಕಾ ಒಬ್ಬರು ಸೊಲ್ಲಾಪುರಕ್ಕೆ ಹೋದವರು ಮಗನಿಗಾಗಿ ಒಂದು ವಿಡಿಯೋ ಗೇಮ್ ತಂದರು. ಅದು ಜಪಾನಿನ ನಿಂಟೆಂಡೊ ಸಂಸ್ಥೆಯ ಅಸಲು ಯಂತ್ರವಾಗಿರಲಿಲ್ಲ, ಅದರ ನಕಲು. ಆ ದಿನಗಳಲ್ಲಿ ನಮ್ಮಂಥ ಊರುಗಳನ್ನು ತಲುಪುತ್ತಿದ್ದವು ಬಹುಮಟ್ಟಿಗೆ ಇಂಥ ನಕಲುಗಳೇ. ಕ್ಯಾಸೆಟ್ಟನ್ನು ಬಾಯಿಂದ ಊದಿ, ಯಂತ್ರಕ್ಕೆ ಸಿಕ್ಕಿಸಿ, ಟೀವಿಯ ಮುಂದೆ ಏಳೆಂಟು ಹುಡುಗರು ಕುಳಿತೆವೆಂದರೆ ಕರೆಂಟು ಹೋಗುವವರೆಗೆ ಏಳುತ್ತಿರಲಿಲ್ಲ. ಕರೆಂಟು ಬೇಗನೆಯೇ ಹೋಗುತ್ತಿತ್ತೆಂಬುದು ಬೇರೆ ಮಾತು. ನಿಲ್ಲಿಸಿದ ಠಾವಿನಿಂದ ಮುಂದುವರಿಸುವ ಸೌಕರ್ಯ ಆ ಆಟದಲ್ಲಿ ಇರಲಿಲ್ಲ. ಕರೆಂಟು ಮರಳಿತೆಂದರೆ ಆಟವೂ ಮೊದಲಿಗೇ ಮರಳುತ್ತಿತ್ತು.

ಆಟದ ಹೆಸರು ‘ಸೂಪರ್ ಮಾರಿಯೋ ಬ್ರದರ್ಸ್’. ಅದನ್ನು ರೂಪಿಸಿದವರಲ್ಲಿ ಮುಖ್ಯರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ. ಮೀಸೆ ಹೊತ್ತ, ಕುಳ್ಳ ದೇಹದ, ನಲ್ಲಿ ಕೊಳಾಯಿಗಳ ಕಸುಬಿನ ಮಾರಿಯೋ ಎಂಬವನು ಅಪಹೃತಳಾದ ರಾಜಕುಮಾರಿಯನ್ನು ಬಿಡಿಸಿ ತರಬೇಕು. ರಾಮಾಯಣ ಕೇಳಿದವರಿಗೆ ಕಥೆ ಹೊಸದಲ್ಲ. ದಾಟಬೇಕಾದ ಲೋಕಗಳು 8. ಲೋಕಕ್ಕೆ ನಾಲ್ಕರಂತೆ ಒಟ್ಟು 32 ಹಂತಗಳು. ಕೈಯಲ್ಲಿರುವುದು ಮೂರು ಜೀವ. ಆರಂಭದಲ್ಲಿ ಮಾರಿಯೋ ಎಷ್ಟು ಸಣ್ಣವನೆಂದರೆ, ನಡೆದುಬರುವ ಹಗೆಯೊಂದು ಬರಿದೆ ತಾಗಿದರೂ ಒಂದು ಜೀವ ಹೋಯಿತು. ಪ್ರಶ್ನೆಯ ಚಿಹ್ನೆಯುಳ್ಳ ಒಂದು ಪೆಟ್ಟಿಗೆಗೆ ಅವನು ಕೆಳಗಿನಿಂದ ಜಿಗಿದು ಬಡಿದರೆ, ಅದರ ನೆತ್ತಿಯಿಂದ ಅಣಬೆಯೊಂದು ಮೂಡಿ, ಜಾರುತ್ತ ಹೊರಡುವುದು. ಬೆನ್ನಟ್ಟಿ ಅದನ್ನು ಮುಟ್ಟಿದನೋ, ಇಮ್ಮಡಿ ಎತ್ತರ ಬೆಳೆದು, ಇಟ್ಟಿಗೆಗಳನ್ನು ಒಡೆಯಬಲ್ಲವನಾಗುವನು. ಅಣಬೆಯೆಂಬ ಹೆಸರನ್ನು ನಾವಾರೂ ಬಳಸುತ್ತಿರಲಿಲ್ಲ. “ಪವರ್ ತಗೋಲೇ, ಪವರ್!” ಎಂದು ಇಡೀ ಓಣಿ ಕೇಳುವಂತೆ ಕೂಗುತ್ತಿದ್ದೆವು.

ಈಗ ಮಾಸ್ತರನಾದ ಮೇಲೆ ನೋಡಿದರೆ ಈ ಅಣಬೆಗೆ ನಮ್ಮಲ್ಲಿಯೂ ನೆಂಟರಿದ್ದಾರೆ. ಸುರಸೆಯ ಎದುರು ಬೆಳೆದು, ಮರುಕ್ಷಣವೇ ಕಿರಿದಾಗಿ ಪಾರಾದ ಹನುಮಂತನು ಅಣಿಮಾ ಮಹಿಮಾ ಸಿದ್ಧಿಗಳನ್ನು ಬಲ್ಲವನು. ಲೂಯಿ ಕ್ಯಾರಲ್‌ನ ಆಲಿಸಳೆಂಬ ಹುಡುಗಿಯನ್ನು ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ಕರೆತಂದರಷ್ಟೆ, ಆ ಮೂಲಕಥೆಯಲ್ಲಿ ಅಣಬೆಯ ಒಂದು ಬದಿಯನ್ನು ತಿಂದರೆ ಬೆಳೆಯುವುದು, ಇನ್ನೊಂದು ಬದಿಯನ್ನು ತಿಂದರೆ ಕುಗ್ಗುವುದು. ಜನಪದ ಕಥೆಗಳಲ್ಲಿ ಕಾಡಿಗೆ ಹೋದವರು ಅಣಬೆ ತಿನ್ನುವುದು ಸಾಮಾನ್ಯವಾದ್ದರಿಂದ ತಾನೂ ಅಣಬೆಯನ್ನೇ ಆರಿಸಿದೆನೆಂದು ಮಿಯಾಮೊಟೊ ಅವರೂ ಹೇಳಿದ್ದುಂಟು.

ಆದರೆ ಈ ಅಣಬೆಯ ನಿಜವಾದ ಮಹಿಮೆ ಬೆಳೆಯಿಸುವುದರಲ್ಲಿ ಇಲ್ಲ. ಬೆಳೆದ ಮಾರಿಯೋವಿಗೆ ಹಗೆ ತಾಗಿದರೆ ಅವನು ಸಾಯುವುದಿಲ್ಲ; ಮೊದಲಿನಂತೆ ಸಣ್ಣವನಾಗುತ್ತಾನೆ, ಕೆಲವು ಕ್ಷಣ ಮಿನುಗುತ್ತಾನೆ; ಆ ಮಿನುಗುವಷ್ಟು ಹೊತ್ತು ಹಗೆಗಳು ಅವನನ್ನು ಏನೂ ಮಾಡಲಾರವು; ಬಳಿಕ ನಡೆಯುತ್ತಾನೆ. ಎಂದರೆ ಅಣಬೆ ಕೊಡುವುದು ಜಯವನ್ನಲ್ಲ, ಒಂದು ತಪ್ಪಿಗೆ ಕ್ಷಮೆಯನ್ನು. ಅದೂ ಎಲ್ಲ ತಪ್ಪಿಗೂ ಅಲ್ಲ. ಕಂದಕಕ್ಕೆ ಬಿದ್ದವನನ್ನು ಯಾವ ಅಣಬೆಯೂ ಎತ್ತದು. 1985ರಿಂದ ಈಚೆಗೆ ಈ ಆಟದ ಕಂತುಗಳು ಎಷ್ಟೋ ಬಂದುವು. 2023ರ ಕಂತಿನಲ್ಲಿ ಮಾರಿಯೋ ಒಂದು ಹಣ್ಣನ್ನು ಪಡೆದು ಆನೆಯೇ ಆಗುತ್ತಾನೆ. ಆದರೂ ಅಣಬೆಯನ್ನು ಅವರು ಬಿಟ್ಟಿಲ್ಲ. ಒಂದು ತಪ್ಪನ್ನೂ ಮನ್ನಿಸದ ಆಟವನ್ನು ಕಲಿಯುವವರು ಯಾರು?

ಇನ್ನೊಂದು ಸ್ವಾರಸ್ಯವನ್ನು ಮಿಯಾಮೊಟೊ ಮತ್ತು ತೆಜುಕಾ 2015ರ ಸಂದರ್ಶನವೊಂದರಲ್ಲಿ ವಿವರಿಸಿದರು. ಆಟದಲ್ಲಿ ಎದುರಾಗುವ ಮೊದಲ ಹಗೆಯೂ ನೋಡಲು ಅಣಬೆಯ ಆಕಾರದ್ದೇ. ಅದಕ್ಕೆ ಹೆದರಿದ ಹೊಸಬನು ನಿಜವಾದ ಅಣಬೆಯನ್ನು ಕಂಡರೂ ಓಡಿಹೋಗಬಹುದಲ್ಲವೆ? ಆದ್ದರಿಂದ, ಮೊದಲ ಅಣಬೆ ಜಾರುತ್ತ ಹೋಗಿ, ಮುಂದಿರುವ ಕೊಳವೆಗೆ ಬಡಿದು, ತಾನಾಗಿಯೇ ಆಟಗಾರನ ಕಡೆಗೆ ತಿರುಗಿ ಬರುವಂತೆ ಏರ್ಪಡಿಸಿದರು. ಅವನು ಹೌಹಾರಿ ಜಿಗಿದರೂ ಮೇಲಿನ ಇಟ್ಟಿಗೆಗೆ ತಾಗಿ, ಅಣಬೆಯ ಮೇಲೆಯೇ ಬೀಳುವ ಸಂಭವ ಹೆಚ್ಚು. ಬಿದ್ದಾಗ ತಿಳಿಯುತ್ತದೆ: ಇದು ಹಗೆಯಲ್ಲ, ನೆರವು. ಒಂದು ಅಕ್ಷರದ ಸೂಚನೆಯೂ ಇಲ್ಲದೆ ಪಾಠ ಮುಗಿಯಿತು. ನೆರವನ್ನು ಇಟ್ಟರೆ ಸಾಲದು, ಹೆದರಿದವನ ಬಳಿಗೆ ಅದು ತಾನೇ ನಡೆದು ಬರಬೇಕು ಎಂಬ ಈ ಮಾತನ್ನು ನಾನು ತಿಳಿಯುವ ವೇಳೆಗೆ ನನ್ನ ವೃತ್ತಿಯಲ್ಲಿ ಕೆಲವು ವರ್ಷಗಳು ಕಳೆದುಹೋಗಿದ್ದುವು.

ಕಳೆದುಹೋದ ವರ್ಷಗಳಲ್ಲಿ ಒಂದು 2016. ಆಗ ನಾನು ಅಫಜಲಪುರದಲ್ಲಿ ಪದವಿಪೂರ್ವ ತರಗತಿಗಳಿಗೆ ಕನ್ನಡ ಕಲಿಸುತ್ತಿದ್ದೆನು. ಭೀಮಾ ನದಿಯ ದಂಡೆಯ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಹುಡುಗನೊಬ್ಬನು ದ್ವಿತೀಯ ವರ್ಷದ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಮಾತ್ರ ನಪಾಸಾದನು. ಅಂಕಪಟ್ಟಿ ಹಿಡಿದು ನನ್ನ ಮೇಜಿನ ಬಳಿ ಬಂದು ನಿಂತನು. ನನಗೆ ಆ ದಿನ ಬೇರೇನೋ ಸಿಟ್ಟಿದ್ದಿತು. ನಾಲ್ಕು ಜನ ಸಹೋದ್ಯೋಗಿಗಳ ಎದುರು, “ನಿನ್ನ ತಲಿಗಿ ಓದು ಹತ್ತಂಗಿಲ್ಲ, ಹೊಲಾ ಮಾಡ್ಕೊಂಡು ಇರು” ಎಂದುಬಿಟ್ಟೆನು. ಪೂರಕ ಪರೀಕ್ಷೆಯೆಂಬುದು ಇದ್ದಿತು, ಶುಲ್ಕ ಕಟ್ಟಲು ಇನ್ನೂ ಹತ್ತು ದಿನಗಳಿದ್ದುವು, ನನಗೆ ಗೊತ್ತಿದ್ದಿತು. ನಾನು ಹೇಳಲಿಲ್ಲ. ಅವನ ಮನೆಯಲ್ಲಿ ಅದನ್ನು ಬಲ್ಲವರು ಯಾರೂ ಇರಲಿಲ್ಲ. ದಸರೆಯ ಹೊತ್ತಿಗೆ, ಅವನು ಸೋದರಮಾವನ ಸಂಗಡ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದನೆಂದು ಕೇಳಿದೆನು. ಹೊಲ ಮಾಡಿಕೊಂಡಿರು ಎಂದಿದ್ದೆನಲ್ಲ, ಅವರಿಗೆ ಹೊಲವೇ ಇರಲಿಲ್ಲವೆಂಬುದೂ ಆಗಲೇ ತಿಳಿಯಿತು.

ಐದು ವರ್ಷಗಳ ಮೇಲೆ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಯಾರೋ ಬಾಗಿ ನನ್ನ ಕಾಲು ಮುಟ್ಟಿದರು. ಅವನೇ. ಅಂಗೈ ಸಿಮೆಂಟಿನಿಂದ ಬಿರಿದಿದ್ದಿತು. ನಾನು ಏನನ್ನಾದರೂ ಹೇಳುವ ಮೊದಲೇ, “ಸರ, ನಮ್ಮ ತಂಗಿ ಮುಂದಿನ ವರ್ಷ ನಿಮ್ಮ ಕಾಲೇಜಿಗಿ ಬರ್ತಾಳ್ರಿ. ಆಕಿಗಿ ಒಂದೀಟು ನೋಡ್ಕೋರಿ” ಎಂದನು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿದ್ದೆನೇನೋ.

ಅಲ್ಲಿಂದ ನಾನು ಜೇವರ್ಗಿಗೆ ಬಂದೆನು. ‘ಅಖಂಡೇಶ್ವರ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ಊರು ಅದು. 2024ರಲ್ಲಿ ನಮ್ಮ ರಾಜ್ಯದಲ್ಲಿ ಹೊಸ ಏರ್ಪಾಡೊಂದು ಜಾರಿಗೆ ಬಂದಿತು: ದ್ವಿತೀಯ ಪಿಯುಸಿಗೆ ಆ ವರ್ಷ ಒಂದಲ್ಲ, ಮೂರು ಪರೀಕ್ಷೆಗಳು, ಯಾವುದರಲ್ಲಿ ಹೆಚ್ಚು ಅಂಕ ಬಂದಿತೋ ಅದೇ ಲೆಕ್ಕಕ್ಕೆ. ಪರೀಕ್ಷೆಯ ಗಾಂಭೀರ್ಯ ಹೋಯಿತೆಂದು ಗೊಣಗಿದವರು ಹಲವರು. ಆ ಏಪ್ರಿಲಿನಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಅರ್ಥಶಾಸ್ತ್ರದಲ್ಲಿ ನಪಾಸಾದಳು. ಫಲಿತಾಂಶ ಬಂದ ಮೂರನೆಯ ದಿನವೂ ಅವಳು ಕಾಲೇಜಿನ ಕಡೆ ಸುಳಿಯದಿರಲು, ಸಂಜೆ ನಾನೇ ಅವಳ ಮನೆಗೆ ಹೋದೆನು.

ತಂದೆ ತೊಗರಿಯ ಚೀಲದ ಮೇಲೆ ಕುಳಿತಿದ್ದರು. “ಬರ್ರಿ ಸರ. ಮದಿವಿ ಮಾಡಿಬಿಡಾನಂತ ಅಂದ್ಕೊಂಡೀನ್ರಿ. ಓದು ಆಕಿಗಿ ನೀಗಲ್ದು” ಎಂದರು. ಅವಳು ಒಳಬಾಗಿಲ ಹಿಂದೆ ನಿಂತಿದ್ದಳು. ಎರಡನೆಯ ಪರೀಕ್ಷೆ ತಿಂಗಳ ಕೊನೆಗೇ ಇದೆ, ಅದರಲ್ಲಿ ಪಾಸಾದರೆ ವರ್ಷ ಉಳಿಯುತ್ತದೆ ಎಂದು ನಾನು ವಿವರಿಸತೊಡಗಿದೆನು. “ಅದೂ ತಪ್ಪಿದ್ರ?” ಎಂದರು. ಅಷ್ಟರಲ್ಲಿ ಮೂಲೆಯಿಂದ ಪರಿಚಿತವಾದ ಸದ್ದೊಂದು ಕೇಳಿಸಿತು. ಅವಳ ತಮ್ಮನು ತಂದೆಯ ಮೊಬೈಲಿನಲ್ಲಿ ಅದೇ ಹಳೆಯ ಆಟವನ್ನು ಆಡುತ್ತಿದ್ದನು. ಮಾರಿಯೋವಿಗೆ ಆಮೆ ತಾಗಿ ಅವನು ಕುಗ್ಗಿದ್ದನು. ತಂದೆಯೂ ಅತ್ತ ನೋಡಿ, “ಸತ್ತನೇನೋ?” ಎಂದರು. ಹುಡುಗನು ತಲೆಯೆತ್ತದೆಯೇ, “ಇಲ್ಲಪ್ಪ, ಸಣ್ಣಾವ ಆದ. ನಡೀಲತ್ತಾನ” ಎಂದನು.

ಆ ಮಾತಿನಿಂದಲೇ ತಂದೆಯ ಮನಸ್ಸು ತಿರುಗಿತೆಂದು ಬರೆದರೆ ವಾಚಕರು ನನ್ನನ್ನು ಈ ವಾರಪತ್ರಿಕೆಯ ಧಾರಾವಾಹಿ ವಿಭಾಗಕ್ಕೆ ವರ್ಗ ಮಾಡಿಯಾರು. ಹಾಗಾಗಲಿಲ್ಲ. ಮತ್ತೆ ಎರಡು ಸಲ ಹೋಗಬೇಕಾಯಿತು. ಅರ್ಥಶಾಸ್ತ್ರದ ಉಪನ್ಯಾಸಕರನ್ನೂ ಕರೆದೊಯ್ದೆನು. ಎರಡನೆಯ ಪರೀಕ್ಷೆಯಲ್ಲಿಯೂ ಅವಳು ಸ್ವಲ್ಪದರಲ್ಲಿ ತಪ್ಪಿದಳು. ಮೂರನೆಯದರಲ್ಲಿ ಪಾಸಾದಳು. ಈಗ ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದಾಳೆ.

ನೆರವೆಂಬುದೆಲ್ಲ ನೆರವಲ್ಲವೆಂಬುದನ್ನೂ ಆ ಜಪಾನಿನವರು ಬಲ್ಲರು. 1986ರಲ್ಲಿ ಜಪಾನಿನಲ್ಲಿ ಬಂದ ಎರಡನೆಯ ಕಂತಿನಲ್ಲಿ ವಿಷದ ಅಣಬೆಯೊಂದನ್ನು ಸೇರಿಸಿದರು. ಒಳ್ಳೆಯದರಂತೆಯೇ ಪೆಟ್ಟಿಗೆಯಿಂದ ಮೂಡುತ್ತದೆ, ಮುಟ್ಟಿದರೆ ಕೇಡು. ಪರೀಕ್ಷೆಯ ದಿನ ಕಿಟಕಿಯಿಂದ ಒಳಬರುವ ನಕಲು ಚೀಟಿಯನ್ನು ಕಂಡಾಗಲೆಲ್ಲ ನನಗೆ ಇದರ ನೆನಪಾಗುತ್ತದೆ. ತಪ್ಪನ್ನು ಮುಚ್ಚುವುದು ಬೇರೆ, ತಪ್ಪಿದವನಿಗೆ ಇನ್ನೊಮ್ಮೆ ನಡೆಯಗೊಡುವುದು ಬೇರೆ. ಮೂರು ಪರೀಕ್ಷೆ ಬರೆದ ಹುಡುಗಿ ಮೂರು ಸಲ ಓದಿದಳು. ಯಾರೂ ಅವಳನ್ನು ಹೊತ್ತು ದಾಟಿಸಲಿಲ್ಲ.

ಅಫಜಲಪುರದ ಆ ಹುಡುಗನು ಪುಣೆಯಲ್ಲಿಯೇ ಇದ್ದಾನೆ. ಅವನ ತಂಗಿಯನ್ನು ನಾನು ನೋಡಿಕೊಂಡೆನು. ಅದರಿಂದ ಅವನ ಲೆಕ್ಕ ಚುಕ್ತಾ ಆಗದು. ಆದರೆ ಒಂದು ರೂಢಿಯನ್ನು ಮಾಡಿಕೊಂಡಿದ್ದೇನೆ. ಫಲಿತಾಂಶ ಬಂದ ದಿನ ಕಾಲೇಜಿನ ಫಲಕದ ಮೇಲೆ ನನ್ನ ಕೈಯಿಂದ ಮೊದಲು ಬರೆಯುವುದು ಪ್ರಥಮ ದರ್ಜೆಯವರ ಹೆಸರುಗಳನ್ನಲ್ಲ. ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟುವ ಕೊನೆಯ ದಿನಾಂಕವನ್ನು. ಫಲಕದ ಹತ್ತಿರ ಬರಲೂ ಹೆದರುವವರು ಕೆಲವರಿರುತ್ತಾರೆ. ಆ ಸಂಜೆ ನಾನು ಅವರ ಊರಿನ ಬಸ್ಸು ಹಿಡಿಯುತ್ತೇನೆ.